ನಿಂತ ಸೈಕಲ್ಲಿನ ವೀರಪ್ಪ

ಬೈಲಹೊಂಗಲದ ಬಜಾರದಲ್ಲಿ ಹಗ್ಗ, ತಾಡಪತ್ರಿ, ಕುಡುಗೋಲು, ಬಕೆಟ್ಟು ಮಾರುವ ವೀರಪ್ಪನಿಗೆ ಈಗ ಐವತ್ತೊಂದು. ಸುತ್ತಲಿನ ಹತ್ತು ಹಳ್ಳಿಯ ದನಗಳನ್ನೆಲ್ಲ ಕಟ್ಟಿದ್ದು ಅವನ ಅಂಗಡಿಯ ಹಗ್ಗವೇ. ಆದರೆ ಅವನನ್ನು ಮಾತ್ರ ಯಾರೂ ಕಟ್ಟಿಕೊಳ್ಳಲಿಲ್ಲ. ಮೊದಲು ಅಕ್ಕಂದಿರ ಮದುವೆ ಆಗಲಿ ಎಂದರು. ಆಮೇಲೆ ಅಪ್ಪನ ಕಾಯಿಲೆ ಕಳೆಯಲಿ ಎಂದರು. ಕಾಯಿಲೆಯ ಜೊತೆಗೆ ಅಪ್ಪನೂ ಕಳೆದು, ವೀರಪ್ಪನ ತಲೆಗೂದಲೂ ಕಳೆದು, ಕನ್ಯೆ ನೋಡಲು ಹೋದ ಮನೆಯಲ್ಲಿ ಇವನನ್ನೇ ಕನ್ಯೆಯ ಮಾವನೆಂದು ತಿಳಿದು ನೀರು ಕೊಟ್ಟ ಮೇಲೆ, ಅವನು ಆ ಸುದ್ದಿಯನ್ನೇ ಬಿಟ್ಟ. ತಾಯಿ ಚನ್ನವ್ವ ಇರುವ ತನಕ ಬೈಯಲಿಕ್ಕಾದರೂ ಮನೆಯಲ್ಲಿ ಒಬ್ಬರಿದ್ದರು. ಆಕೆ ಹೋಗಿ ನಾಲ್ಕು ವರ್ಷ. ಈಗ ಬೆಳಗಾದರೆ ರೊಟ್ಟಿ ಬಡಿಯಲು ಬರುವ ಎಪ್ಪತ್ತರ ಶೆಟ್ಟೆವ್ವ ಬಿಟ್ಟರೆ ಆ ಮನೆಯಲ್ಲಿ ಸದ್ದು ಮಾಡುವುದು ಗಡಿಯಾರ ಒಂದೇ. ಅದೂ ಹತ್ತು ನಿಮಿಷ ಹಿಂದೆ.

ಸಕ್ಕರೆ ಕಾರ್ಖಾನೆಯ ಸೀಮೆಯಲ್ಲಿ ಹುಟ್ಟಿದವನಿಗೆ ಸಕ್ಕರೆ ಕಾಯಿಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅದು ಬಂದದ್ದು ಮೂವತ್ತೊಂಬತ್ತಕ್ಕೆ. ಡಾಕ್ಟರು ಸೈಕಲ್ ಹೊಡೆಯಿರಿ ಎಂದರು. ವೀರಪ್ಪ ಗೇರಿನ ಸೈಕಲ್ ತಂದ. ಮೂರು ದಿನ ಒಬ್ಬನೇ ಹೋಗಿ ಬಂದು ನಾಲ್ಕನೆಯ ದಿನ ಬೇಸತ್ತು ಅಂಗಡಿಯಲ್ಲಿ ಕುಳಿತಾಗ, ಎತ್ತಿನ ಹಗ್ಗ ಒಯ್ಯಲು ಸಂಪಗಾಂವದ ರೈತ ಲಗಮಪ್ಪ ಬಂದ. ಅವರ ಅಪ್ಪನ ಕಾಲದಿಂದಲೂ ಆ ಮನೆಯವರು ಹಗ್ಗ ಒಯ್ಯುವುದು ಇದೇ ಅಂಗಡಿಯಿಂದ.

"ಲಗಮಾ, ನಾಳಿಂದ ಮುಂಜಾನೆ ನನ್ನ ಜೋಡಿ ಸೈಕಲ್ ಹೊಡ್ಯಾಕ ಬಾ" ಎಂದ ವೀರಪ್ಪ.

"ಆತ್ರಿ ಸಾವ್ಕಾರ್ರ" ಎಂದ ಲಗಮಪ್ಪ.

ಅಷ್ಟೇ ಮಾತು. ಅದು ಹನ್ನೊಂದು ವರ್ಷ ನಡೆಯಿತು. ಬೆಳಕು ಹರಿಯುವ ಮೊದಲೇ ವೀರಪ್ಪ ಬೈಲಹೊಂಗಲ ಬಿಟ್ಟು ಸಂಪಗಾಂವಕ್ಕೆ ಬರುವಷ್ಟರಲ್ಲಿ, ರಸ್ತೆಯ ಬದಿಯಲ್ಲಿ ಕಪ್ಪು ಹಳೇ ಸೈಕಲ್ ಹಿಡಿದು ತಲೆಗೆ ಟವೆಲ್ಲು ಸುತ್ತಿಕೊಂಡ ಲಗಮಪ್ಪ ನಿಂತಿರುತ್ತಿದ್ದ. ಅಲ್ಲಿಂದ ಇಬ್ಬರೂ ಎಂ.ಕೆ. ಹುಬ್ಬಳ್ಳಿಯ ಕಡೆಗೆ. ಹೊಳೆಯ ಹತ್ತಿರ ಒಂದು ಚಹಾ, ವೀರಪ್ಪನಿಗೆ ಸಕ್ಕರೆ ಇಲ್ಲದ್ದು, ಲಗಮಪ್ಪನಿಗೆ ಇಬ್ಬರ ಸಕ್ಕರೆ ಹಾಕಿದ್ದು. ಮತ್ತೆ ವಾಪಸು. ವೀರಪ್ಪ ಯಾವಾಗಲೂ ಮುಂದೆ. ಕತ್ತು ಹೊರಳಿಸಿ ಊರಿನ ರಾಜಕಾರಣ, ನೈಲಾನ್ ಹಗ್ಗದ ಅನಾಚಾರ, ತನ್ನ ಭಾವಂದಿರ ಗುಣಾವಗುಣ ಎಲ್ಲವನ್ನೂ ಹೇಳುವನು. ಹಿಂದಿನಿಂದ "ಹೌದ್ರಿ" ಬರುವುದು. ಹನ್ನೊಂದು ವರ್ಷ ವೀರಪ್ಪ ಮಾತಾಡಿದ, ಲಗಮಪ್ಪ ಹೌದೆಂದ. ಇಷ್ಟು ಹೊಂದಿಕೊಂಡ ಜೋಡಿ ಗಂಡಹೆಂಡಿರಲ್ಲೂ ಸಿಗದು ಎಂದು ವೀರಪ್ಪನ ನಂಬಿಕೆ. ಅವನಿಗೆ ಗಂಡಹೆಂಡಿರ ವಿಷಯ ಅಷ್ಟೇ ಗೊತ್ತಿತ್ತು.

ಕಳೆದ ವರ್ಷ ಎಳ್ಳ ಅಮಾವಾಸ್ಯೆಗೆ ಎರಡು ದಿನ ಮೊದಲು ಅದು ನಡೆಯಿತು. ಕಬ್ಬಿನ ಹಂಗಾಮು ಬಂತೆಂದರೆ ಈ ಭಾಗದಲ್ಲಿ ಎಲ್ಲರ ಬಾಯಿ ಸಿಹಿ, ರಸ್ತೆ ಮಾತ್ರ ಕಹಿ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು. ಎರಡೂ ಬದಿಗೆ ಮೀಸೆಯಂತೆ ಚಾಚಿದ ಕಬ್ಬು, ಕಿವಿ ಕಿತ್ತು ಹೋಗುವ ಹಾಡು. ಹಿಂದೆ ಬರುವವರಿಗೆ ಕಾಣಲೆಂದು ವೀರಪ್ಪ ಮಾರುವ ರೇಡಿಯಂ ಪಟ್ಟಿಯನ್ನು ಡ್ರೈವರುಗಳು ಒಯ್ದು, ಚೆಂದ ಕಾಣಲೆಂದು ಮುಂದೆ ಅಂಟಿಸಿಕೊಳ್ಳುತ್ತಾರೆ. ಆ ದಿನ ಮಂಜು ಕವಿದಿತ್ತು. ಅಂಥ ಒಂದು ಟ್ರ್ಯಾಕ್ಟರ್ ಇವರನ್ನು ಹಿಂದೆ ಹಾಕಿ ಹೋಗುವಾಗ ಎರಡನೆಯ ಟ್ರೇಲರು ಓಲಾಡಿತು. ಚಾಚಿದ ಕಬ್ಬು ವೀರಪ್ಪನ ಸ್ವೆಟರಿಗೆ ಸಿಕ್ಕಿ, ಅವನನ್ನು ಹತ್ತು ಮಾರು ಎಳೆದುಕೊಂಡು ಹೋಗಿ ಗಟಾರಕ್ಕೆ ಒಗೆಯಿತು. ಗಾಲಿ ತಲೆಯಿಂದ ಒಂದು ಗೇಣಿನಲ್ಲಿ ಹಾದು ಹೋಯಿತು. ವೀರಪ್ಪ ಎದ್ದು, ಮೈಗೆ ಅಂಟಿದ ಕಬ್ಬಿನ ಒಣಗರಿಯ ರವದಿ ಕೊಡವಿಕೊಂಡು, "ಕಬ್ಬಿನ ಜೋಡಿ ನನ್ನೂ ತೂಕಕ್ಕ ಹಾಕತಿದ್ರು ನೋಡಪಾ" ಎಂದು ನಕ್ಕ. ಹಿಂದೆ ನಿಂತಿದ್ದ ಲಗಮಪ್ಪ ನಗಲಿಲ್ಲ. ಹೌದ್ರಿ ಅಂತಲೂ ಅನ್ನಲಿಲ್ಲ.

ವಾರ ಬಿಟ್ಟು ಅವನು ಅಂಗಡಿಗೆ ಬಂದ.

"ಸಾವ್ಕಾರ್ರ, ಇನ್ನ ನನಗ ಬರಾಕ ಆಗೂದಿಲ್ರಿ. ನಮ್ಮಾಕಿ ಸವದತ್ತಿ ಯಲ್ಲಮ್ಮಗ ಹರಕಿ ಹೊತ್ತಾಳ. ರಸ್ತಾದ ಮ್ಯಾಲ ಸೈಕಲ್ ಹೊಡ್ಯೂದಿಲ್ಲ ಅಂತ."

ಹರಕೆ ಎಂದ ಮೇಲೆ ಮುಗಿಯಿತು. ಡಾಕ್ಟರ ಮಾತು ಮೀರಬಹುದು, ಕೋರ್ಟಿನ ಮಾತು ಮುಂದೂಡಬಹುದು. ಗುಡ್ಡದ ತಾಯಿಯ ಹತ್ತಿರ ಆಡಿದ ಮಾತಿಗೆ ಅಪೀಲಿಲ್ಲ. ವೀರಪ್ಪ ಬೇಸಿಗೆ ಪೂರ್ತಿ ಒಬ್ಬನೇ ಹೊಡೆದ. ಅಭ್ಯಾಸಬಲದಿಂದ ಕತ್ತು ಹೊರಳಿಸಿ ಮಾತಾಡುವನು, ಹಿಂದೆ ಯಾರೂ ಇಲ್ಲದ್ದು ಅರ್ಧ ವಾಕ್ಯಕ್ಕೆ ನೆನಪಾಗುವುದು. ಒಮ್ಮೆ ಸಂಪಗಾಂವದ ಹತ್ತಿರ ಹೊಲಕ್ಕೆ ಹೊರಟ ಹೆಂಗಸರು ಇದನ್ನು ನೋಡಿ ದಾರಿ ಬಿಟ್ಟು ಬದುವಿನ ಮೇಲೆ ಸರಿದು ನಿಂತರು. ಅಂದಿನಿಂದ ಅವನು ಬಾಯಿ ಮುಚ್ಚಿಕೊಂಡು ಸೈಕಲ್ ಹೊಡೆಯತೊಡಗಿದ. ಅದು ಅವನಿಗೆ ಏರು ದಾರಿಗಿಂತ ಕಷ್ಟವಾಯಿತು.

ಈ ವರ್ಷ ಕಾರ್ಖಾನೆಯ ಚಿಮಣಿ ಮತ್ತೆ ಹೊಗೆಯಾಡಿದಾಗ ಅವನು ಮೊಬೈಲಿನಲ್ಲಿ ಒಂದು ಹೊಸ ನಮೂನೆ ನೋಡಿದ. ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುವ ದೇಶಗಳಲ್ಲಿ ಜನ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ, ಚೈನನ್ನು ಒಂದು ಯಂತ್ರಕ್ಕೆ ಸಿಕ್ಕಿಸಿ, ಮನೆಯೊಳಗೇ ತುಳಿಯುತ್ತಾರೆ. ಎದುರಿನ ಟಿ.ವಿ.ಯಲ್ಲಿ ರಸ್ತೆ ಓಡುತ್ತದೆ. ಅಲ್ಲಿ ಗುಡ್ಡ ಬಂದರೆ ಇಲ್ಲಿ ಪೆಡಲು ಗಟ್ಟಿಯಾಗುತ್ತದೆ, ಅಲ್ಲಿ ಇಳಿಜಾರು ಬಂದರೆ ಇಲ್ಲಿ ಕಾಲು ಹಗುರ. ಲೋಕದ ಬೇರೆ ಬೇರೆ ಮನೆಗಳಲ್ಲಿ ತುಳಿಯುವವರೆಲ್ಲ ಗೊಂಬೆಗಳಾಗಿ ಅದೇ ರಸ್ತೆಯಲ್ಲಿ ಹೋಗುತ್ತಿರುತ್ತಾರೆ. ಅವರಿಗೆ ಹಿಮ, ನಮಗೆ ಕಬ್ಬು ಎಂದುಕೊಂಡ ವೀರಪ್ಪ. ಮರುಕ್ಷಣ ಅವನ ತಲೆಯಲ್ಲಿ ದೀಪ ಹತ್ತಿತು. ಹರಕೆ ಇರುವುದು ರಸ್ತೆಯ ಮೇಲೆ ಸೈಕಲ್ ಹೊಡೆಯುವುದಿಲ್ಲ ಎಂದು. ಇಲ್ಲಿ ರಸ್ತೆಯೇ ಇಲ್ಲ!

ಬೆಳಗಾವಿಯಿಂದ ಮಧು ಎಂಬ ಮೆಕ್ಯಾನಿಕ್ಕು ಬಂದು ಪಡಸಾಲೆಯಲ್ಲಿ ಹಗ್ಗದ ಸುರುಳಿಗಳನ್ನು ಸರಿಸಿ ಯಂತ್ರ ಕೂಡಿಸಿದ. ಒಂದಲ್ಲ, ಎರಡು. ಎರಡಕ್ಕೂ ಸೈಕಲ್ಲು.

"ಎರಡ್ಯಾಕ್ರಿ ಕಾಕಾ? ಮನ್ಯಾಗ ನೀವ್ ಒಬ್ರ ಅದೀರಿ ಅಂದ್ರು."

"ಒಬ್ರು ಬರೋರದಾರ."

"ಹಂಗಂದ್ರ..." ಮಧು ಬೋಳು ತಲೆಯನ್ನೂ ಹೊಸ ಸೈಕಲ್ಲನ್ನೂ ಬದಲಿಸಿ ಬದಲಿಸಿ ನೋಡಿ, "ಲಗ್ನದ ಅಕ್ಕಿಕಾಳಿಗೆ ನಮ್ಮನ್ನೂ ಕರೀರಿ ಮತ್ತ" ಎಂದ.

ಶೆಟ್ಟೆವ್ವ ಯಂತ್ರಕ್ಕೆ ಅರಿಷಿಣ ಕುಂಕುಮ ಹಚ್ಚಿ ಸುತ್ತ ನೋಡಿದಳು. "ಹಿಂದಿನ ಗಾಲೀನ ಇಲ್ಲಲ್ಲೋ ಯಪ್ಪಾ?"

"ಬೇಕಾಗೂದಿಲ್ಲ ಆಯಿ. ಹಿಂದ ಮುಂದ ಇಲ್ಲದವಗ ಇಷ್ಟ ಸಾಕು" ಎಂದ ವೀರಪ್ಪ. ಹೇಳುವಾಗ ನಗೆಯ ಮಾತಾಗಿತ್ತು. ಹೇಳಿ ಮುಗಿಸುವಷ್ಟರಲ್ಲಿ ಆಗಿರಲಿಲ್ಲ.

ಮೊದಲ ವಾರ ಅವನು ಒಬ್ಬನೇ ತುಳಿದ. ಎಷ್ಟು ತುಳಿದರೂ ಇದ್ದಲ್ಲೇ ಇರುವ ಅನುಭವ ಬಜಾರದ ವ್ಯಾಪಾರಿಗೆ ಹೊಸದೇನಲ್ಲ. ತೆರೆಯ ಮೇಲೆ ಸಮುದ್ರ ಬಂತು, ಪೈನ್ ಮರ ಬಂತು, ಸುಣ್ಣ ಬಳಿದಂಥ ಊರು ಬಂತು. ಕೆನಡಾದವರು ಬಂದರು. ಅವರಿಗದು ಹಿಂದಿನ ದಿನದ ಸಂಜೆ. ಜಪಾನಿನವರು ಬಂದರು. ದಾರಿಯಲ್ಲಿ ಗುರುತಿನವರು ಸಿಕ್ಕರೆ ಮಾತಾಡಿಸದೆ ಮುಂದೆ ಹೋದವನನ್ನು ಈ ಸೀಮೆಯಲ್ಲಿ ಸೊಕ್ಕಿನವ ಎನ್ನುತ್ತಾರೆ. ಅದಕ್ಕೇ ವೀರಪ್ಪ ಹಿಂದೆ ಹಾಕಿದ ಪ್ರತಿಯೊಬ್ಬರಿಗೂ ಇಂಗ್ಲಿಷ್ ಅಕ್ಷರದಲ್ಲಿ 'ಚಹಾ ಆತೇನ್ರಿ' ಎಂದು ಬರೆದು ಕಳಿಸಿದ. ಎಲ್ಲರೂ ಒಂದು ಹೆಬ್ಬೆಟ್ಟು ಎತ್ತಿ ತೋರಿಸಿ ಹೋದರು. ಹೆಬ್ಬೆಟ್ಟು ಒತ್ತುವವರು ಅವನ ಅಂಗಡಿಗೂ ಬರುತ್ತಾರೆ, ಆದರೆ ಕುಳಿತು ಎರಡು ಮಾತಾಡುತ್ತಾರೆ. ಕರೆಂಟು ಹೋದೊಡನೆ ಗುಡ್ಡ, ಸಮುದ್ರ, ಕೆನಡಾ ಎಲ್ಲ ಒಮ್ಮೆಗೇ ಮಾಯವಾಗಿ, ಕಪ್ಪು ಗಾಜಿನಲ್ಲಿ ಬೆವೆತ ಒಬ್ಬ ಬೋಳು ಮನುಷ್ಯ, ಅವನ ಪಕ್ಕದಲ್ಲಿ ಖಾಲಿ ಸೈಕಲ್ಲು ಉಳಿಯುತ್ತಿದ್ದವು.

ಸಂತೆಯ ದಿನ ಲಗಮಪ್ಪನನ್ನು ಕೈಹಿಡಿದು ಕರೆತಂದ. ಲಗಮಪ್ಪ ಯಂತ್ರವನ್ನು ಎತ್ತು ನೋಡುವಂತೆ ಸುತ್ತು ಹಾಕಿ ನೋಡಿದ.

"ಭಾರಿ ಐತ್ರಿ ಸಾವ್ಕಾರ್ರ."

"ಹತ್ತು. ಇದು ನಿಂದ."

"ಹತ್ತೂಣ್ರಿ... ಚಹಾ ಆಗ್ಲಿ."

ಚಹಾ ಆಯಿತು. ಅವಲಕ್ಕಿ ಆಯಿತು. ಎಲೆ ಅಡಕೆಯೂ ಆಯಿತು.

"ಈಗ ಹತ್ತು. ರಸ್ತಾ ಅಂತ ಅಲ್ಲೇನು ಹರಕಿ? ಇಲ್ಲಿ ರಸ್ತಾನ ಇಲ್ಲ."

"ರಸ್ತಾ ಅಂತ ಅಲ್ರಿ" ಎಂದ ಲಗಮಪ್ಪ, ಯಂತ್ರದ ಕಡೆ ನೋಡುತ್ತ. "ಸೈಕಲ್ಲಿನ ಮ್ಯಾಲ ಕಾಲ ಇಡೂದಿಲ್ಲ ಅಂತ ಬೇಡಿಕೊಂಡಾಳ್ರಿ."

"ಅಂದಿನ ದಿನ ರಸ್ತಾ ಅಂದಿದ್ಯಲ್ಲೋ?"

"ಅಂದಿದ್ದೆ. ಆಮ್ಯಾಲ ಆಕಿನ್ನ ಕೇಳಿದೆ. ಸೈಕಲ್ ಅಂದ್ಳು."

"ಹಿಂದಿನ ಗಾಲಿ ಇಲ್ಲ. ಇದು ಸೈಕಲ್ ಹೆಂಗ ಆಕ್ಕೈತಿ?"

ಲಗಮಪ್ಪ ಯಂತ್ರದ ಹಿಂದೆ ಬಗ್ಗಿ ನೋಡಿದ. "ಬಾಲ ಕೊಯ್ದ್ರೂ ಎಮ್ಮಿ ಎಮ್ಮೀನ ಅಲ್ರೀ" ಎಂದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ವೀರಪ್ಪ ಸೋಲಲಿಲ್ಲ. ಹೊತ್ತ ಹರಕೆಯನ್ನು ಇಳಿಸುವ ದಾರಿಯೂ ಇರುತ್ತದೆ. ಹೊತ್ತವಳು ಗುಡ್ಡಕ್ಕೆ ಹೋಗಿ ಪಡಲಗಿ ತುಂಬಿಸಿ, ಅಂದರೆ ಬುಟ್ಟಿಗೆ ನೈವೇದ್ಯ ತುಂಬಿ ತಾಯಿಗೆ ಒಪ್ಪಿಸಿ, ತಪ್ಪಾಯಿತವ್ವಾ ಬಿಡಿಸು ಎಂದು ಬೇಡಿಕೊಂಡರೆ ತಾಯಿ ಬಿಡಿಸುತ್ತಾಳೆ. ಬರುವ ಬನದ ಹುಣ್ಣಿಮೆಗೆ ಲಗಮಪ್ಪನ ಮನೆಯವರು ಹೇಗೂ ಗುಡ್ಡಕ್ಕೆ ಹೋಗುವವರೇ. ವೀರಪ್ಪ ತೆಂಗಿನಕಾಯಿ, ಬಾಳೆಹಣ್ಣು, ರವಿಕೆಗೆಂದು ಕುಬಸದ ಕಣ, ಅರಿಷಿಣದ ಭಂಡಾರ ಎಲ್ಲ ಒಂದು ಚೀಲಕ್ಕೆ ತುಂಬಿ ಸಂಪಗಾಂವದ ಬಸ್ಸು ಹತ್ತಿದ.

ಲಗಮಪ್ಪನ ಹೆಂಡತಿ ಮರೆವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. "ಬರ್ರಿ ಅಣ್ಣಾರ, ಬರ್ರಿ! ಅವರು ಹೊಲಕ್ಕ ಹೋಗ್ಯಾರ. ಕುಂದರ್ರಿ."

"ನಿನ್ನ ಕಡೇನ ಬಂದೇನಿ ತಂಗಿ." ವೀರಪ್ಪ ಚೀಲವನ್ನು ಮುಂದೆ ಸರಿಸಿದ. "ಅಂವ ಸೈಕಲ್ ಮುಟ್ಟೂದಿಲ್ಲ ಅಂತ ಹರಕಿ ಹೊತ್ತೀಯಲ್ಲ, ಅದನ್ನ ಈ ಹುಣ್ಣಿವಿಗೆ ಇಳಿಸಿ ಬಾ. ಎಲ್ಲಾ ತಂದೇನಿ. ಪಾಪ ಹತ್ತಿದ್ರ ನನಗ ಹತ್ತಲಿ."

"ಯಾವ ಹರಕಿ ಅಣ್ಣಾರ?"

"ಸೈಕಲ್ಲಿಂದು."

"ಸೈಕಲ್ಲಿಗೂ ಹರಕಿ ಇರತಾವೇನ್ರಿ? ಎಮ್ಮಿ ಗಬ್ಬ ನಿಲ್ಲಲಿ ಅಂತ ಬೇಡಿಕೊಂಡೇನಿ. ಮಗಳು ನೀಲಾಗ ಛಲೋ ಮನಿ ಸಿಗಲಿ ಅಂತ ಬೇಡಿಕೊಂಡೇನಿ. ಸೈಕಲ್ ಸುದ್ದಿ ತಾಯಿ ಮುಂದ ನಾ ಎತ್ತೇ ಇಲ್ಲ."

ಹೇಳುತ್ತ ಹೇಳುತ್ತ ಅವಳಿಗೇ ಅರ್ಥವಾಯಿತು. ಮೊರ ಕೆಳಗಿಟ್ಟಳು. "ಆ ತಾಯಿ ಹೆಸರ್ಲೆ ಸುಳ್ಳ ಹೇಳ್ಯಾನ? ಬರ್ಲಿ ಮನಿಗೆ, ಬರ್ಲಿ!"

"ಸಿಟ್ಟ ಬ್ಯಾಡ ತಂಗಿ. ಯಾಕ ಹೇಳಿದ, ಅದನ್ನ ಹೇಳು."

ಮರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವತ್ತಿನಿಂದ ಅವರು ಅವರಾಗಿಲ್ರಿ. ಟ್ರ್ಯಾಕ್ಟರ್ ಸಪ್ಪಳ ಕೇಳಿದ್ರ ಊಟದ ತಾಟ ಬಿಟ್ಟ ಏಳತಾರ. ಹೊಲಕ್ಕ ರಸ್ತಾ ಹಿಡದ ಹೋಗೂದಿಲ್ಲ, ಬದುವಿನ ಮ್ಯಾಲ ಸುತ್ತ ಹಾಕಿ ಹೊಕ್ಕಾರ. ನಮ್ಮ ಕಬ್ಬ ಕಿತ್ತ ಒಗದು ಕಡ್ಲಿ ಹಾಕ್ಯಾರ. ಮಂದಿ ಕೇಳಿದ್ರ ಬೋರಿನ ನೀರ ಕಡಿಮಿ ಅಂತಾರ. ನೀರಿಗೇನಾಗೇತ್ರಿ? ಟ್ರ್ಯಾಕ್ಟರ್ ಹೊಲಕ್ಕ ಬರಬಾರದು, ಅಷ್ಟ. ಅಂಜೀನಿ ಅಂತ ನಿಮ್ಮ ಮುಂದ ಹೆಂಗ ಹೇಳ್ಯಾರು? ಭಿಡೆ ಅಣ್ಣಾರ, ಭಿಡೆ."

ಭಿಡೆ ಈ ಸೀಮೆಯ ಹಳೆಯ ಕಾಯಿಲೆ. ಎದುರಿಗೆ ಕುಳಿತವನಿಗೆ 'ಆಗೂದಿಲ್ಲ' ಎನ್ನಲು ನಾಲಿಗೆ ಏಳುವುದಿಲ್ಲ. ಹೊಟ್ಟೆ ತುಂಬಿದವರು ಭಿಡೆಗೆ ಮತ್ತೆರಡು ಹೋಳಿಗೆ ತಿನ್ನುತ್ತಾರೆ. ಮನಸ್ಸಿಲ್ಲದ ಸಂಬಂಧಕ್ಕೆ ಭಿಡೆಗೆ ಹೂಂ ಎಂದು ಮೂವತ್ತು ವರ್ಷ ಸಂಸಾರ ಮಾಡುತ್ತಾರೆ. ವೀರಪ್ಪನಿಗೆ ಒಮ್ಮೆಲೇ ಒಂದು ವಿಚಾರ ಬಂತು.

"ತಂಗಿ, ಮೊದಲಿನ ಹನ್ನೊಂದ ವರ್ಸ? ಅದೂ ಭಿಡೆಗೆ ಬರತಿದ್ದೇನು?"

ಮರೆವ್ವ ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಮುಂಜಾನೆ ಬೈಕೊಂತ ಏಳತಿದ್ರು. 'ಸಕ್ಕರಿ ಬ್ಯಾನಿ ಸಾವ್ಕಾರಗ, ಶಿಕ್ಷಾ ನನಗ' ಅಂತಿದ್ರು. ಬರೂವಾಗ ನಕ್ಕೊಂತ ಬರತಿದ್ರು, ಅದೂ ಸುಳ್ಳಲ್ಲ. ಎರಡರಾಗ ಖರೇ ಯಾವುದಂತ ನಾ ಕೇಳಿಲ್ರಿ."

ಅಷ್ಟರಲ್ಲಿ ಹಿತ್ತಲ ಕಡೆಯಿಂದ, ಬದುವಿನ ದಾರಿ ಹಿಡಿದು ಬಂದ ಲಗಮಪ್ಪ ಒಳಗೆ ಕಾಲಿಟ್ಟ. "ಸಾವ್ಕಾರ್ರ!" ಎಂದವನ ಕಣ್ಣು ಚೀಲದಿಂದ ಇಣುಕುವ ಕಾಯಿ, ಕುಬಸದ ಕಣದ ಮೇಲೆ ಬಿತ್ತು. ಆಮೇಲೆ ಹೆಂಡತಿಯ ಮುಖದ ಮೇಲೆ. ಅವನ ಬಣ್ಣ ಇಳಿಯಿತು. ನೂರು ಕಿಲೋ ಚೀಲವನ್ನು ಒಬ್ಬನೇ ಹೆಗಲಿಗೇರಿಸುವ ಮನುಷ್ಯ, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕವನ ಹಾಗೆ ನಿಂತ. ಮರೆವ್ವ ಬಾಯಿ ತೆರೆದಳು.

ವೀರಪ್ಪ ಅವಳಿಗಿಂತ ಮೊದಲು ತೆರೆದ. "ನಿನಗ ಒಂದ ಮಾತ ಹೇಳಿ ಹೋಗೂಣಂತ ಬಂದೇನಿ ಲಗಮಾ. ನಾನೂ ಸೈಕಲ್ ಬಿಟ್ಟೆ."

"ಯಾಕ್ರಿ?"

"ಮೊಣಕಾಲ ನೋವು. ನಡದ್ರ ಸಾಕು ಅಂದ್ರು ಡಾಕ್ಟರು. ಖರೇ ಹೇಳ್ಲೇನು? ನಿನ್ನ ಭಿಡೆಗೆ ಇಷ್ಟ ವರ್ಸ ಹೊಡದೆ. ಪಾಪ, ಅಂವ ದಿನಾ ಬಂದ ನಿಲ್ಲತಾನ, ನಾ ಹೆಂಗ ಬಿಡ್ಲಿ ಅಂತ. ನೀ ಬಿಟ್ಟಿ, ನನಗೂ ಬಿಡುಗಡಿ ಆತು. ಆ ಯಂತ್ರ ಎರಡೂ ವಾಪಸ್ ಒಯ್ಯಂತ ಮಧುಗ ಹೇಳೇನಿ."

"ನನ್ನ ಭಿಡೆಗೆ?" ಲಗಮಪ್ಪ ಅವನನ್ನೇ ನೋಡಿದ. "ನನ್ನ ಭಿಡೆಗೆ ನೀವು?" ಎಂದವನು ನಗತೊಡಗಿ, ನಕ್ಕು ನಕ್ಕು ಕಟ್ಟೆ ಹಿಡಿದು ಕುಳಿತುಬಿಟ್ಟ.

"ನೀ ಗುಡ್ಡಕ್ಕ ಹೋದಾಗ ನನ್ನ ಹೆಸರ್ಲೆ ಈ ಕಾಯಿ ಒಡದ ಬಾ ತಂಗಿ" ಎಂದ ವೀರಪ್ಪ.

ಮರೆವ್ವ ಚೀಲ ಎತ್ತಿಕೊಂಡಳು. ಗಂಡನ ಕಡೆ ಒಂದು ನೋಟ ಬಿಟ್ಟು, "ಆತ್ರಿ ಅಣ್ಣಾರ. ತಾಯಿಗೆ ಎಲ್ಲಾ ಗೊತ್ತಿರತೈತಿ" ಎಂದು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದಳು.

ಆ ದಿನ ಲಗಮಪ್ಪ ಮಾತಾಡಿದ್ದೇ ಮಾತಾಡಿದ್ದು. ಕಡಲೆಯ ಹುಳುವಿನ ಮಾತು, ಬದುವಿನಲ್ಲಿ ಕಂಡ ಹಾವಿನ ಮಾತು, ಬೀಗರ ಮನೆಯ ಎಮ್ಮೆ ಮುನವಳ್ಳಿಯ ಸಂತೆಯಿಂದ ತಾನೇ ತಿರುಗಿ ಮನೆಗೆ ಬಂದ ಮಾತು. ವರ್ಷದಿಂದ ಎದೆಯ ಮೇಲೆ ಕುಳಿತಿದ್ದ ಚೀಲ ಇಳಿಸಿದವನ ಹಾಗೆ ಕೈಬೀಸಿ ಬೀಸಿ ಹೇಳಿದ. ವೀರಪ್ಪ ಬದನೆಕಾಯಿ ಪಲ್ಯ ಹಚ್ಚಿಕೊಂಡು ರೊಟ್ಟಿ ತಿನ್ನುತ್ತ "ಹೌದೌದು" ಎಂದ. ಇಷ್ಟೊಂದು ಮಾತು ಈ ಮನುಷ್ಯನೊಳಗೆ ಇತ್ತೇ? ಹನ್ನೊಂದು ವರ್ಷ ತನ್ನ ಬೆನ್ನ ಹಿಂದೆಯೇ ಇತ್ತೇ? ಕೇಳಬೇಕಾಗಿತ್ತು, ಕೇಳಿರಲಿಲ್ಲ.

ಬಸ್ಸಿಗೆ ಬಿಡಲು ಲಗಮಪ್ಪ ಜೊತೆಗೆ ಬಂದ. ಡಾಂಬರು ರಸ್ತೆಗೆ ಹತ್ತು ಹೆಜ್ಜೆ ಇರುವಾಗ ಎಲ್ಲಿಯೋ ದೂರದಲ್ಲಿ ಟ್ರ್ಯಾಕ್ಟರಿನ ಹಾಡು ಕೇಳಿಸಿತು. ಲಗಮಪ್ಪನ ಕೈ ವೀರಪ್ಪನ ಅಂಗಿಯ ತೋಳನ್ನು ಹಿಡಿದು ಹಿಂದಕ್ಕೆ ಎಳೆಯಿತು. ಮಾತು ಮಾತ್ರ ಎಮ್ಮೆಯ ಮೇಲೆಯೇ ಇತ್ತು. ಕೈ ಮಾಡಿದ್ದು ಬಾಯಿಗೆ ಗೊತ್ತಿರಲಿಲ್ಲ. ಟ್ರೇಲರುಗಳು ಎರಡೂ ದಾಟಿ ಹೋಗುವ ತನಕ ಆ ಹಿಡಿತ ಬಿಡಲಿಲ್ಲ. ವೀರಪ್ಪ ತೋಳನ್ನು ಬಿಡಿಸಿಕೊಳ್ಳಲಿಲ್ಲ.

ಮಧುಗೆ ಫೋನು ಹೋಗಲೇ ಇಲ್ಲ. ಎರಡನೆಯ ಯಂತ್ರದ ಮೇಲೆ ವೀರಪ್ಪ ಅಂಗಡಿಯ ಹಸಿರು ತಾಡಪತ್ರಿ ಹೊದಿಸಿ ನಾಲ್ಕೂ ಮೂಲೆ ಬಿಗಿದ. ಮೊದಲನೆಯದನ್ನು ಬಿಡಲು ಆಗಲಿಲ್ಲ. ರಕ್ತದಲ್ಲಿ ಸಕ್ಕರೆ ಇತ್ತು, ಕಾಲಿನಲ್ಲಿ ಚಾಳಿ ಇತ್ತು, ಮುಂಜಾನೆಯ ಒಂದು ತಾಸನ್ನು ಬೇರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಆದರೆ ಬಿಟ್ಟೆನೆಂದು ಹೇಳಿ ಬಂದವನು ತುಳಿಯುವ ಸುದ್ದಿ ಸಂತೆಗೆ ಬಂದವರ ಬಾಯಿಂದ ಸಂಪಗಾಂವಕ್ಕೆ ಹೋದರೆ? ಅಲ್ಲಿಗೆ ಲಗಮಪ್ಪನ ನಗೆ ನಿಂತು ಮತ್ತೆ ಹರಕೆ ಹುಟ್ಟೀತು. ಹಾಗಾಗಿ ಕಿಟಕಿಗಳೆಲ್ಲ ಮುಚ್ಚಿ, ಟಿ.ವಿ.ಯ ದನಿ ಪೂರ್ತಿ ಇಳಿಸಿ ತುಳಿಯತೊಡಗಿದ. ಊರಲ್ಲಿ ಕದ್ದು ಕುಡಿಯುವವರಿದ್ದಾರೆ, ಕದ್ದು ಇಸ್ಪೀಟು ಆಡುವವರಿದ್ದಾರೆ. ಕದ್ದು ವ್ಯಾಯಾಮ ಮಾಡುವವನು ಇವನೊಬ್ಬನೇ.

"ಕಿಡಿಕಿ ತಗಿಯೋ ಯಪ್ಪಾ, ಉಸರ ಕಟ್ಟತೈತಿ" ಎಂದಳು ಶೆಟ್ಟೆವ್ವ.

"ಇರಲಿ ಆಯಿ. ಥಂಡಿ."

ತೆರೆಯ ಮೇಲೆ ಆ ದಿನ ಉದ್ದನೆಯ ಏರು ಇತ್ತು. ಪೆಡಲು ಕಲ್ಲಾಗಿತ್ತು. ಒಬ್ಬ ಜಪಾನಿನವನು ಹಿಂದೆ ಹಾಕಿ ಹೆಬ್ಬೆಟ್ಟು ತೋರಿಸಿ ಹೋದ. ವೀರಪ್ಪ ಏದುಸಿರು ಬಿಡುತ್ತ ಅರ್ಧ ಗುಡ್ಡ ಹತ್ತಿದಾಗ ಶೆಟ್ಟೆವ್ವ ಅಡುಗೆಮನೆಯಿಂದ ಅವನ ಮೊಬೈಲ್ ಹಿಡಿದು ಬಂದಳು.

"ಬಡಕೊಳ್ಳಾಕತ್ತೈತಿ ನೋಡು."

ಲಗಮಪ್ಪ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನು ತಾನಾಗಿ ಫೋನು ಮಾಡಿದವನಲ್ಲ. ಎಮ್ಮೆಯ ಕಥೆ ಮುಂದೆ ಏನಾಯಿತೋ, ಕಡಲೆಗೆ ಹುಳ ಬಿತ್ತೋ, ಅಥವಾ ಏನೂ ಇಲ್ಲದೆ ಸುಮ್ಮನೆಯೋ. ಎತ್ತಿ ಹಲೋ ಎಂದರೆ ಈ ಉಸಿರಿನ ಸದ್ದಿಗೆ ಎಲ್ಲವೂ ಬಯಲು. ವೀರಪ್ಪ ತುಳಿಯುವುದನ್ನು ನಿಲ್ಲಿಸಿದ. ಗುಡ್ಡದ ನಡುವೆ ಅವನ ಗೊಂಬೆ ಒಂದು ಕಾಲು ನೆಲಕ್ಕೆ ಊರಿ ನಿಂತಿತು. ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ಅದನ್ನು ದಾಟಿ ಮುಂದೆ ಹೋದರು.

"ಏನ ಹೇಳ್ಲೋ? ಮಲಗ್ಯಾನ ಅನ್ಲೇನು?"

"ಬ್ಯಾಡ ಆಯಿ" ಎಂದು ಕೈಮಾಡಿ ಮೊಬೈಲ್ ತೆಗೆದುಕೊಂಡ. ಅಂಗೈಯಲ್ಲಿ ಅದು ಬಡಿದುಕೊಳ್ಳುತ್ತಲೇ ಇತ್ತು. ವೀರಪ್ಪ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಂಡು, ನಿಧಾನವಾಗಿ ಬಿಟ್ಟು, ಇನ್ನೊಮ್ಮೆ ಎಳೆದುಕೊಂಡು, ಇನ್ನೊಮ್ಮೆ ಬಿಟ್ಟು, ಎದೆ ತಹಬಂದಿಗೆ ಬರುವುದನ್ನೇ ಕಾಯುತ್ತ ಕುಳಿತ.